ಉಳವಿಯ ದಾರಿಯಲ್ಲಿ ನಿಂತವರು

ಭರತ ಹುಣ್ಣಿಮೆ ಹತ್ತಿರವಾಯಿತೆಂದರೆ ಬೆಳಗಾವಿ, ಧಾರವಾಡದ ಕಡೆಯ ರೈತರು ಎತ್ತುಗಳಿಗೆ ಜೂಲ ಹಾಕಿ, ಬಂಡಿ ಕಟ್ಟಿಕೊಂಡು, ಜೊಯಿಡಾ ತಾಲೂಕಿನ ಉಳವಿಗೆ ಹೊರಡುತ್ತಾರೆ. ಬಂಡಿಯಲ್ಲಿ ಹೆಂಗಸರು ಮಕ್ಕಳು, ಜತೆಗೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ. ಚನ್ನಬಸವಣ್ಣನವರ ಸಮಾಧಿಗೆ ಕೈಮುಗಿಯುವ ಸಂಭ್ರಮ. ಆದರೆ ಒಂದು ಕಾಲಕ್ಕೆ ಇದು ಬೆನ್ನಟ್ಟಿ ಬರುವ ಸೈನ್ಯಕ್ಕೆ ಹೆದರಿ ನಡೆದವರ ದಾರಿ.

ಯುದ್ಧವೆಂದರೆ ದೊರೆಗೂ ಆಳಿಗೂ ಒಂದೇ ಗಂಡಾಂತರ, ಕತ್ತಿಗೆ ಜಾತಿ ಅಂತಸ್ತು ಗೊತ್ತಿಲ್ಲ ಎಂದು ಹಿರಿಯರು ಹೇಳುವುದುಂಟು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಿಲ್ಲ.

ಕಲ್ಯಾಣದ ಕಥೆಯನ್ನೇ ನೋಡಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದರೆಂದು ಹೇಳುತ್ತಾರೆ. ಅಲ್ಲಿ ಮಾತ್ರ ಚಮ್ಮಾರನಿಗೂ ಮಂತ್ರಿಗೂ ಶಿಕ್ಷೆ ಸಮಸಮ. (ಇಷ್ಟೆಲ್ಲ ನಡೆದದ್ದು ಯಾವ ಹುಡುಗಿಯ ಮದುವೆಯಿಂದಲೋ, ಅವಳ ಹೆಸರು ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ!) 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು. ಶರಣರು ವಚನದ ಕಟ್ಟುಗಳನ್ನು ಹೊತ್ತು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರ ಗುಂಪು ಮಲಪ್ರಭೆ ದಾಟಿ ಈ ಕಾಡಿನತ್ತ ಬಂದಿತು.

ಓಡುವ ಗುಂಪಿಗೆ ಹಿಂದೆ ನಿಂತು ಸೈನ್ಯ ತಡೆಯುವವರು ಬೇಕು. ಹಾಗೆ ನಿಂತವರು ಯಾರು? ಜನರ ನೆನಪಿನಲ್ಲಿ ಉಳಿದ ಹೆಸರುಗಳು ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ. ಒಬ್ಬ ಬಟ್ಟೆ ಒಗೆಯುವವ, ಇನ್ನೊಬ್ಬ ತೊಗಲು ಹದ ಮಾಡುವವ. ಕಕ್ಕಯ್ಯ ಬಿದ್ದ ಊರು ಖಾನಾಪುರ ತಾಲೂಕಿನ ಕಕ್ಕೇರಿ. ಅವನ ಹೆಸರೇ ಊರಿನ ಹೆಸರಾಯಿತೆಂಬ ಪ್ರತೀತಿ. ಉಳವಿ ಮುಟ್ಟಲು ಅವನಿಗೆ ಇನ್ನು ಸ್ವಲ್ಪವೇ ದಾರಿ ಉಳಿದಿತ್ತು.

ದೊಡ್ಡ ಮನೆಯವರು ಸಾಯಲಿಲ್ಲವೆಂದಲ್ಲ. ಬಸವಣ್ಣನವರ ಮಡದಿ ಗಂಗಾಂಬಿಕೆ ಇದೇ ದಾರಿಯಲ್ಲಿ ಐಕ್ಯಳಾದಳು; ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿ ಅವಳ ಮಂಟಪವಿದೆ. ಮಂತ್ರಿಯ ಹೆಂಡತಿ ಅರಮನೆಯಂಥ ಮನೆ ಬಿಟ್ಟು ಹೊಳೆಯ ದಂಡೆಯಲ್ಲಿ ಪ್ರಾಣ ಬಿಟ್ಟಳೆಂದರೆ ಅದೇನು ಸಣ್ಣ ಮಾತೇ?

ಹಳೆಯ ಅರಸರಿಗೂ ಈ ಲೆಕ್ಕ ಗೊತ್ತಿತ್ತು. ಕಾಳಗದಲ್ಲಿ ಮಡಿದವನ ಮನೆಯವರಿಗೆ ಹೊಲ ಕೊಡುತ್ತಿದ್ದರು. ಅದಕ್ಕೆ ನೆತ್ತರುಕೊಡಗೆ ಎಂದು ಹೆಸರು. ರಕ್ತಕ್ಕೆ ಬೆಲೆ ಕಟ್ಟಿದಂತಾಯಿತು ನಿಜ. ಆದರೂ ಗಂಡನಿಲ್ಲದ ಮನೆಯಲ್ಲಿ ಒಲೆ ಉರಿಯಬೇಕಲ್ಲ.

ಕಕ್ಕೇರಿಯ ಸೀಮೆಯಲ್ಲೇ ನಂದಗಡವೂ ಇದೆ. ಅಲ್ಲಿಯ ಕಥೆ ನನಗೆ ಇನ್ನೂ ಕಷ್ಟದ್ದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡಳು. ರಾಜ್ಯ ಹೋಯಿತು, ಮಾನವಂತ ಹೆಣ್ಣುಮಗಳು ಸೆರೆಯಲ್ಲಿ ಸವೆದಳು. ಅವಳ ದುಃಖವನ್ನು ಕಡಿಮೆ ಮಾಡಿ ಹೇಳಲು ನನಗೆ ನಾಲಗೆ ಬಾರದು.

ಆದರೆ ಸಂಗೊಳ್ಳಿ ರಾಯಣ್ಣ ಊರು ಕಾಯುವ ಶೇತಸನದಿ. ಅವನಿಗಿದ್ದದ್ದು ಸನದಿನ ಒಂದಿಷ್ಟು ಹೊಲ. ಅದರ ಮೇಲೂ ಕಂಪನಿ ಸರಕಾರದ ಕಣ್ಣು ಬಿತ್ತು. 1830ರಲ್ಲಿ ಅವನು ಕಾಡು ಹೊಕ್ಕು ಕಾದಿದ. ಗಜವೀರನೆಂಬ ಸಿದ್ದಿ ಬಂಟ ಜತೆಗಿದ್ದನೆಂದು ಜನ ಹೇಳುತ್ತಾರೆ. ಹೋರಾಡಿದ್ದು ತನಗೆ ಗಾದಿ ಬೇಕೆಂದಲ್ಲ, ದತ್ತುಮಗ ಶಿವಲಿಂಗಪ್ಪನನ್ನು ಕಿತ್ತೂರಿನಲ್ಲಿ ಕೂರಿಸಲೆಂದು. ಹಿಡಿದುಕೊಟ್ಟವರು ನಮ್ಮವರೇ. ರಾಣಿಗೆ ಸೆರೆಮನೆಯಾದರೆ, 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿದವರು ರಾಯಣ್ಣ ಮತ್ತು ಅವನ ಸಂಗಡಿಗರು. ಅವರ ಮನೆಗಳಿಗೆ ನೆತ್ತರುಕೊಡಗೆ ಕೊಡಲು ಆಗ ಯಾವ ಅರಸನೂ ಉಳಿದಿರಲಿಲ್ಲ.

ಅವನ ಸಮಾಧಿಯ ಬಳಿ ಆಲದ ಮರವೊಂದಿದೆ. ಮಕ್ಕಳಾಗಲೆಂದು ಹರಕೆ ಹೊತ್ತ ಹೆಂಗಸರು ಅದರ ಬಿಳಲಿಗೆ ಪುಟ್ಟ ಮರದ ತೊಟ್ಟಿಲು ಕಟ್ಟಿ ಹೋಗುತ್ತಾರೆ.