ತಾಂಡೂರು ಸೀಮೆಯ ಹಿತ್ತಲಿನ ಲಿಲ್ಲಿ

1956ರ ನವೆಂಬರ್ 1 ಎಂದೊಡನೆ ಕಾಸರಗೋಡಿನ ಕನ್ನಡಿಗರಿಗೆ ತಮ್ಮ ತಾಲೂಕು ಕೇರಳಕ್ಕೆ ಸೇರಿದ ದಿನ ನೆನಪಾಗುತ್ತದೆ. ಅದೇ ದಿನ, ಅದೇ ಕಾಯಿದೆಯ ಪ್ರಕಾರ, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದುವು. ತಾಂಡೂರು ಸೀಮೆಯ ಪೆದ್ದೆಮುಲ್ ಇಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಗೆ ಸೇರಿದೆ. ತಾಂಡೂರಿನ ಕಾಗಿಣಾ ಹೊಳೆಯಾದರೋ ಈಗಲೂ ಗಡಿ ದಾಟಿ ರಾಷ್ಟ್ರಕೂಟರ ಮಳಖೇಡದತ್ತ ಹರಿಯುತ್ತದೆ. ಹೀಗೆ ಗಡಿಯಾಚೆ ಉಳಿದವರ ನುಡಿ ಮೊದಲು ಕಚೇರಿಯಿಂದ ಮರೆಯಾಗುತ್ತದೆ, ಆಮೇಲೆ ಶಾಲೆಯಿಂದ. ಕೊನೆಯವರೆಗೆ ಉಳಿಯುವುದು ಅಡುಗೆಮನೆಯಲ್ಲಿ ಮತ್ತು ಹಿತ್ತಲಲ್ಲಿ. ಆದುದರಿಂದ ಹಿತ್ತಲಿನ ಒಂದು ಹೂವಿನ ಇತಿಹಾಸವನ್ನು ನೋಡುವುದು ವ್ಯರ್ಥವಲ್ಲ.

ತೆಲುಗು ನಾಡಿನ ಹೂವಿನ ಪೇಟೆಯಲ್ಲಿ 'ಲಿಲ್ಲಿ' ಎಂದರೆ ಹಾರಕ್ಕೆ ಬಳಸುವ ಬಿಳಿಯ ಪರಿಮಳದ ಹೂ. ಕನ್ನಡದಲ್ಲಿ ಅದು ಸುಗಂಧರಾಜ. ತೆಲುಗಿನಲ್ಲಿ ನೇಲಸಂಪೆಂಗ, ಮರಾಠಿಯಲ್ಲಿ ನಿಶಿಗಂಧ, ಉರ್ದುವಿನಲ್ಲಿ ಗುಲ್‌ಶಬ್ಬೊ. ಹೆಸರು ಲಿಲ್ಲಿಯಾದರೂ ಅದು ಲಿಲ್ಲಿಯ ಕುಲದ್ದಲ್ಲ. ದಕ್ಷಿಣ ಭಾರತದ ನಿಜವಾದ ಲಿಲ್ಲಿ ಬೆಳೆಯುವುದು ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿ. ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞ 1853ರಲ್ಲಿ ಅದನ್ನು ನೀಲಗಿರಿಯ ಹೆಸರಿನಿಂದಲೇ ವರ್ಣಿಸಿದನು. ತಂಪು ಬೇಡುವ ಆ ಗಿಡ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ತಾಂಡೂರಿನಲ್ಲಿ ಬಾಳಲಾರದು. ಶೀತದೇಶಗಳಲ್ಲಿ ಹಿಮದಡಿ ಬದುಕಿ ಉಳಿಯುವ ಗೆಡ್ಡೆಯನ್ನು ಗಟ್ಟಿಯೆನ್ನುತ್ತಾರೆ. ನಮ್ಮಲ್ಲಿ ಬಿಸಿಲನ್ನು ತಾಳಿದ್ದೇ ಗಟ್ಟಿ.

ಸುಗಂಧರಾಜದ ತವರು ಮೆಕ್ಸಿಕೊ. ಅಲ್ಲಿನ ಅಜ್ಟೆಕ್ ಜನರು ಅದರ ಬಿಳುಪನ್ನು ಕಂಡು 'ಎಲುಬಿನ ಹೂ' ಎಂಬರ್ಥದ ಹೆಸರಿನಿಂದ ಕರೆದರು. 16ನೆಯ ಶತಮಾನದಲ್ಲಿ ಸ್ಪೇನಿನವರು ಆ ನಾಡನ್ನು ಗೆದ್ದ ಬಳಿಕ ಗೆಡ್ಡೆ ಸಮುದ್ರ ದಾಟಿತು. 1753ರಲ್ಲಿ ಲಿನೇಯಸ್ ಅದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಇತ್ತೀಚೆಗೆ ಶಾಸ್ತ್ರಜ್ಞರು ಅದನ್ನು ಕತ್ತಾಳೆಯ ಕುಲಕ್ಕೇ ಸೇರಿಸಿದ್ದಾರೆ. ಅಷ್ಟು ದೂರದಿಂದ ಬಂದ ಹೂವಿಗೆ ಪ್ರತಿಯೊಂದು ಭಾಷೆಯೂ ತನ್ನದೇ ಹೆಸರನ್ನಿಟ್ಟು ಮನೆಯವಳನ್ನಾಗಿ ಮಾಡಿಕೊಂಡಿತು. ಬೆಂಗಳೂರಿನ ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮುಂದೆ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಎಂಬ ತಳಿಗಳನ್ನು ಕೊಟ್ಟಿತು.

ಬೆಳೆಸುವುದು ಕಷ್ಟವಲ್ಲ. ತಾಂಡೂರಿನ ಸುತ್ತ ಕೆಳಗೆ ಸುಣ್ಣಕಲ್ಲಿನ ಫರಸಿ, ಮೇಲೆ ಎರೆಮಣ್ಣು. ಮಳೆಗಾಲದಲ್ಲಿ ಎರೆಮಣ್ಣು ನೀರನ್ನು ಬಿಡದು, ಗೆಡ್ಡೆ ಕೊಳೆಯುತ್ತದೆ. ಆದುದರಿಂದ ನಾಲ್ಕು ಫರಸಿಕಲ್ಲುಗಳನ್ನು ನಿಲ್ಲಿಸಿ ಮಡಿಯನ್ನು ಎತ್ತರಿಸಿ, ಮಣ್ಣಿಗೆ ಮರಳನ್ನೂ ಹಳೆಯ ತಿಪ್ಪೆಗೊಬ್ಬರವನ್ನೂ ಬೆರೆಸಬೇಕು. ಮುಂಗಾರಿಗೆ ಮೊದಲು, ದಪ್ಪ ಗೆಡ್ಡೆಗಳನ್ನು ಎರಡು ಅಂಗುಲ ಆಳದಲ್ಲಿ, ಸುಮಾರು ಅಡಿಗೊಂದರಂತೆ ನೆಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಹೂಕಡ್ಡಿ ಏಳುತ್ತದೆ. ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಗೆಡ್ಡೆ ಕಿತ್ತು, ನೆರಳಿನಲ್ಲಿ ಆರಿಸಿ ತಿಂಗಳೊಂದು ಇಟ್ಟು ಮತ್ತೆ ನೆಡಬಹುದು. ತಾಯಿಗೆಡ್ಡೆಯ ಸುತ್ತ ಮರಿಗಳಿರುತ್ತವೆ, ಅವು ನೆರೆಯವರಿಗೆ.

ಒಂದು ಎಚ್ಚರಿಕೆ. ಲಿಲ್ಲಿ ಎಂಬ ಒಂದೇ ಮಾತಿನಿಂದ ಅಪಾಯವೂ ಉಂಟು. ಕನ್ನಡದ ಗೌರಿಹೂ, ಮಲಯಾಳದ ಮೇಂದೋನ್ನಿ ಕೂಡ ಇಂಗ್ಲಿಷಿನವರಿಗೆ ಲಿಲ್ಲಿಯೇ. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಘೋರ ವಿಷವಿದೆ; ತಿಂದರೆ ಪ್ರಾಣಕ್ಕೇ ಕುತ್ತು. ಮಕ್ಕಳಿರುವ ಮನೆಯಲ್ಲಿ ಇದು ತಿಳಿದಿರಲೇಬೇಕು. ಹಿರಿಯರು ಬೇರೆ ಬೇರೆ ಗಿಡಗಳಿಗೆ ಬೇರೆ ಬೇರೆ ಹೆಸರನ್ನಿಟ್ಟುದರ ಬೆಲೆ ಇಲ್ಲಿ ತಿಳಿಯುತ್ತದೆ.

ಪೇಟೆಯಲ್ಲಿ ಲಿಲ್ಲಿ ಎನ್ನುವುದರಲ್ಲಿ ತಪ್ಪೇನೂ ಇಲ್ಲ. ವ್ಯಾಪಾರಕ್ಕೆ ಎಲ್ಲರಿಗೂ ತಿಳಿಯುವ ಮಾತು ಬೇಕು. ಮನೆಯಲ್ಲೂ ಅದೊಂದೇ ಉಳಿದರೆ ಸುಗಂಧರಾಜವೆಂಬ ಮಾತು ಒಂದು ತಲೆಮಾರಿನಲ್ಲಿ ಹೋದೀತು. ಪೆದ್ದೆಮುಲ್ಲಿನಲ್ಲಾಗಲಿ ಮಂಜೇಶ್ವರದಲ್ಲಾಗಲಿ ಕಾಯಿದೆ ಹಿತ್ತಲಿನ ಮಾತನ್ನು ಕಾಯಲಾರದು. ಮಕ್ಕಳ ಕೈಗೆ ಗೆಡ್ಡೆ ಕೊಡುವಾಗ ಹೆಸರನ್ನೂ ಹೇಳಿಕೊಡಬೇಕು.