ತೂಬು ಕಟ್ಟಿತೋ, ಒಳಹರಿವು ಏರಿತೋ: ಹಾಸನ ಸೀಮೆಯ ಪುಟ್ಟ ನಾಯಿಗಳ ನೀರುಗಣ್ಣು

ಕೆರೆ ಕೋಡಿ ಬೀಳುವುದಕ್ಕೆ ಎರಡು ಕಾರಣಗಳಿರುತ್ತವೆ. ಒಳಹರಿವು ಏರಿರಬೇಕು, ಇಲ್ಲವೇ ತೂಬಿನಲ್ಲಿ ಹೂಳು ತುಂಬಿ ನೀರು ಹೊರಹೋಗದಂತಾಗಿರಬೇಕು. ಚನ್ನರಾಯಪಟ್ಟಣದ ಕೆರೆ ಬಯಲಿನವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅದೇ ಮನೆಯ ಬಿಳಿ ಪಮೇರಿಯನ್ ನಾಯಿಯ ಕಣ್ಣಿಂದ ತಿಂಗಳುಗಟ್ಟಲೆ ನೀರು ಸುರಿದು ಮೂತಿಯ ಎರಡೂ ಬದಿ ಕಂದು ಗೆರೆ ಮೂಡಿದಾಗ ಮಾತ್ರ ಈ ಸರಳ ಪ್ರಶ್ನೆ ಹಿಂದೆ ಬೀಳುತ್ತದೆ. ಅಂಗಡಿಯ ಹನಿಯೋ ನಂದಿಬಟ್ಟಲ ಹೂವಿನ ರಸವೋ ಮೊದಲು ಕಣ್ಣಿಗಿಳಿಯುತ್ತದೆ. ನೀರುಗಣ್ಣು ಒಂದು ರೋಗದ ಹೆಸರಲ್ಲ, ಲಕ್ಷಣ. ಕಣ್ಣೀರು ಹೆಚ್ಚು ಹುಟ್ಟುತ್ತಿದೆಯೋ, ಹುಟ್ಟಿದ್ದು ಹರಿದುಹೋಗುತ್ತಿಲ್ಲವೋ ಎಂಬುದು ತೀರ್ಮಾನವಾಗುವ ಮೊದಲು ಹಾಕುವ ಯಾವ ಔಷಧಿಯೂ ಕುರುಡು ಚಿಕಿತ್ಸೆಯೇ ಎಂಬುದು ಈ ಲೇಖನದ ವಾದ.

ನಾಯಿಯ ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ, ಮೇಲಿನ ಹಾಗೂ ಕೆಳಗಿನ ರೆಪ್ಪೆಯ ಒಳಅಂಚಿನಲ್ಲಿ, ಒಂದೊಂದು ಸಣ್ಣ ರಂಧ್ರವಿದೆ. ಕಣ್ಣೀರು ಅವುಗಳ ಮೂಲಕ ನಾಳ ಸೇರಿ ಮೂಗಿನೊಳಕ್ಕೆ ಇಳಿಯುತ್ತದೆ. ಪೂಡಲ್, ಕಾಕರ್ ಸ್ಪಾನಿಯಲ್ ತಳಿಗಳಲ್ಲಿ ಕೆಳರಂಧ್ರ ಹುಟ್ಟಿನಿಂದಲೇ ಮುಚ್ಚಿರುವುದುಂಟು. ಶಿಟ್ಜು, ಪಗ್‌ಗಳ ತೊಂದರೆಯ ಬೇರು ಮುಖದ ಕಟ್ಟಡದಲ್ಲಿಯೇ ಇದೆ: ಗುಳಿ ಆಳವಿಲ್ಲದೆ ಕಣ್ಣು ಉಬ್ಬಿ ನಿಲ್ಲುತ್ತದೆ, ಕೆಳರೆಪ್ಪೆಯ ಒಳಮೂಲೆ ಒಳಕ್ಕೆ ಮಡಚಿ ರಂಧ್ರವನ್ನು ಅಮುಕುತ್ತದೆ, ಮೂಗಿನ ಮಡಿಕೆಯ ಕೂದಲು ಬತ್ತಿಯಂತೆ ನೀರನ್ನು ಹೊರಕ್ಕೆಳೆಯುತ್ತದೆ. ಚಪ್ಪಟೆ ಮುಖವೇ ಚೆಂದ ಎಂದು ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಬೆಳೆಸಿದ್ದರ ಬೆಲೆಯಿದು; ತೆರುವುದು ಮಾತ್ರ ನಾಯಿ. ಒಳಹರಿವು ಏರುವ ಕಾರಣಗಳು ಬೇರೆ: ಕಣ್ಣಿಗೆ ಉಜ್ಜುವ ಅಡ್ಡರೆಪ್ಪೆಗೂದಲು, ಕಾರ್ನಿಯಾದ ಹುಣ್ಣು, ಹೊಗೆ, ದೂಳು, ಹುಳು.

ಇವೆರಡನ್ನೂ ಬೇರ್ಪಡಿಸುವ ಸಾಧನಗಳು ಹಳೆಯವು, ಅಗ್ಗದವು. ಜರ್ಮನಿಯ ನೇತ್ರವೈದ್ಯ ಒಟ್ಟೋ ಶಿರ್ಮರ್ 1903ರಲ್ಲಿ ವಿವರಿಸಿದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಒಂದು ನಿಮಿಷ ಬಿಡಬೇಕು. ನಾಯಿಯಲ್ಲಿ 15 ಮಿ.ಮೀ. ಅಥವಾ ಹೆಚ್ಚು ಒದ್ದೆಯಾದರೆ ಸಹಜ. 10ಕ್ಕಿಂತ ಕಡಿಮೆಯಾದರೆ ಒಣಗಣ್ಣಿನ ಗುಮಾನಿ. ಒಣಗಣ್ಣಿನ ಅಂಟುಲೋಳೆಯನ್ನು ನೀರುಗಣ್ಣೆಂದು ತಿಳಿಯುವ ತಪ್ಪು ಅಪರೂಪವೇನಲ್ಲ, ಎರಡರ ಚಿಕಿತ್ಸೆಗೋ ಅಜಗಜಾಂತರ. ಆಮೇಲೆ ಫ್ಲೋರೆಸೀನ್ ಬಣ್ಣ. ಹುಣ್ಣಿದ್ದರೆ ಕಾರ್ನಿಯಾದ ಮೇಲೆ ಹಸಿರು ಕಲೆ ನಿಲ್ಲುತ್ತದೆ; ನಾಳ ತೆರೆದಿದ್ದರೆ ಐದು-ಹತ್ತು ನಿಮಿಷದೊಳಗೆ ಮೂಗಿನ ಹೊಳ್ಳೆಯಲ್ಲಿ ಹಸಿರು ಇಣುಕುತ್ತದೆ. ಮೊಂಡುಮೂತಿಯ ನಾಯಿಗಳಲ್ಲಿ ಬಣ್ಣ ಗಂಟಲಿಗೆ ಇಳಿಯುವುದುಂಟಾದ್ದರಿಂದ ಮೂಗು ಹಸಿರಾಗಲಿಲ್ಲವೆಂದು ನಾಳ ಕಟ್ಟಿದೆ ಎನ್ನಲಾಗದು. ನಾಲಿಗೆಯ ಹಿಂಭಾಗವನ್ನೂ ನೀಲಿ ಬೆಳಕಿನಲ್ಲಿ ನೋಡಬೇಕು. ಮುಚ್ಚಿದ ರಂಧ್ರವನ್ನು ಸಣ್ಣ ಶಸ್ತ್ರಕ್ರಿಯೆಯಿಂದ ತೆರೆಯಬಹುದು, ಕಟ್ಟಿದ ನಾಳವನ್ನು ಸಲೈನಿನಿಂದ ತೊಳೆಯಬಹುದು. ಹೂಳೆತ್ತಿದ ಹಾಗೆ.

ಊರಿನ ಪರಿಸರವೇ ಕಾರಣವಾಗಿರಬಾರದೇಕೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಅರಕಲಗೂಡು ಹೊಗೆಸೊಪ್ಪಿನ ಸೀಮೆ. ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇದೆ. ಎಲೆ ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಉರಿಯುವ ತಿಂಗಳುಗಳಲ್ಲಿ ಹೊಗೆ ಕಣ್ಣನ್ನು ಕೆರಳಿಸುತ್ತದೆ. ರಾಗಿ ಒಕ್ಕಣೆಯ ದೂಳಿಗೂ ಅದೇ ಗುಣ. ಆದರೆ ಹೊಗೆಗೆ ಎಡಗಣ್ಣು ಬಲಗಣ್ಣು ಎಂಬ ಭೇದವಿಲ್ಲ. ಒಂದೇ ಕಣ್ಣಿನಲ್ಲಿ ನೀರು ಸುರಿದರೆ, ಬ್ಯಾರನ್ ಆರಿದ ಮೇಲೂ ನಿಲ್ಲದಿದ್ದರೆ, ಕಾರಣವನ್ನು ಕಣ್ಣಿನೊಳಗೇ ಹುಡುಕಬೇಕು. ಹಾಗೆಯೇ ಹುಳು: ಹಸುವಿನ ಕಣ್ಣಿನಲ್ಲಿ ಬಿಳಿ ಎಳೆಯಂಥ ಥೆಲೇಜಿಯಾ ಹುಳುವಿರಬಲ್ಲದೆಂಬುದು ಹೈನುಗಾರಿಕೆ ಬಲ್ಲವರಿಗೆ ಹೊಸ ಮಾತಲ್ಲ. ನಾಯಿಗೆ ಅಂಟುವುದು ಅದರದೇ ಜಾತಿಯ ಇನ್ನೊಂದು ಪ್ರಭೇದ, ಹರಡುವ ನೊಣವೂ ಬೇರೆ. ಆ ಪ್ರಭೇದ ಮನುಷ್ಯರ ಕಣ್ಣಿಗೂ ಬರುತ್ತದೆ. ಕರ್ನಾಟಕದಲ್ಲೂ ಅಂಥ ಪ್ರಕರಣಗಳು ವರದಿಯಾಗಿವೆ. ಮೂರನೆಯ ರೆಪ್ಪೆಯ ಅಡಿಯನ್ನು ಎತ್ತಿ ನೋಡದೆ ಕೊಡುವ ಹನಿ ಈ ಹುಳುವನ್ನು ಕದಲಿಸದು.

ಇನ್ನೊಂದು ಆಕ್ಷೇಪ ಅನುಭವದ ಬಲದಿಂದ ಬರುತ್ತದೆ: ಆಂಟಿಬಯಾಟಿಕ್ ಪುಡಿ ತಿನ್ನಿಸಿದರೆ ಕಂದು ಕಲೆ ಮಾಯವಾಗುತ್ತದಲ್ಲ? ಮಾಯವಾಗುವುದು ನಿಜ, ಕೊಡುವುದು ನಿಲ್ಲಿಸಿದರೆ ಕಲೆ ಮರಳುವುದೂ ನಿಜ. ಕಣ್ಣೀರಿನಲ್ಲಿರುವ ಪಾರ್ಫಿರಿನ್ ಎಂಬ ವರ್ಣದ್ರವ್ಯ ಒದ್ದೆ ಕೂದಲಿಗೆ ಹಿಡಿಸುವ ಬಣ್ಣವದು. ಬಣ್ಣ ಹೋದರೂ ನೀರಿನ ದಾರಿ ಹಾಗೆಯೇ ಉಳಿದಿರುತ್ತದೆ. ಟೈಲೋಸಿನ್ ಬೆರೆಸಿದ ಇಂಥ ಪುಡಿಗಳಿಗೆ ಅನುಮೋದನೆಯಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲೇ ತಯಾರಕರಿಗೆ ಎಚ್ಚರಿಕೆ ಪತ್ರ ಕಳುಹಿಸಿತು. ಕೂದಲಿನ ಬಿಳುಪಿಗಾಗಿ ತಿಂಗಳುಗಟ್ಟಲೆ ಆಂಟಿಬಯಾಟಿಕ್ ತಿನ್ನಿಸಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಾಕುವುದು ಸಮರ್ಥನೀಯವಲ್ಲ. ಇದಕ್ಕಿಂತ ಅಪಾಯದ್ದು ಮನುಷ್ಯರಿಗೆಂದು ಮಾರುವ ಸ್ಟೀರಾಯ್ಡ್ ಬೆರೆತ ಹನಿ. ಕೆಂಪು ಎರಡು ದಿನದಲ್ಲಿ ಇಳಿಯುತ್ತದೆ, ಗೆದ್ದೆವೆನಿಸುತ್ತದೆ. ಒಳಗೆ ಹುಣ್ಣಿದ್ದರೆ ಅದು ಆಳವಾಗಿ ಕಾರ್ನಿಯಾ ತೂತುಬೀಳಬಹುದು.

ಹಾಗೆಂದು ಪ್ರತಿ ನೀರುಗಣ್ಣಿಗೂ ಶಸ್ತ್ರಕ್ರಿಯೆ ಬೇಕೆಂಬ ವಾದ ಇದಲ್ಲ. ಎರಡೂ ಪರೀಕ್ಷೆ ಸಹಜವಾಗಿದ್ದು, ನಾಯಿ ಕಣ್ಣು ಕಿರಿದು ಮಾಡದೆ, ಉಜ್ಜಿಕೊಳ್ಳದೆ ಇದ್ದರೆ ಅದು ಮುಖದ ಆಕಾರಕ್ಕೆ ಬಂದ ನೀರು, ಜೀವನಪೂರ್ತಿ ಇರುವಂಥದು. ಕುದಿಸಿ ಆರಿಸಿದ ನೀರಿನಿಂದ ದಿನಕ್ಕೆರಡು ಸಲ ಒರೆಸಿ, ಮಡಿಕೆಯನ್ನು ಪೂರ್ತಿ ಒಣಗಿಸಿ, ಒಳಮೂಲೆಯ ಕೂದಲನ್ನು ಮೊಂಡುತುದಿಯ ಕತ್ತರಿಯಿಂದ ಗಿಡ್ಡ ಮಾಡಿದರೆ ಸಾಕು. ಒಣಗಿಸದೆ ಬಿಟ್ಟರೆ ಮಡಿಕೆಯಲ್ಲಿ ಯೀಸ್ಟ್ ಬೆಳೆದು ದುರ್ವಾಸನೆ ಶುರುವಾಗುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಗಳು ದನಕರುಗಳಿಗೇ ಸಾಲುವುದಿಲ್ಲ, ಇದಕ್ಕೆಲ್ಲ ಸೌಕರ್ಯವೆಲ್ಲಿ ಎಂಬ ಮಾತಿದೆ. ಪಟ್ಟಿಗೂ ಬಣ್ಣಕ್ಕೂ ಯಂತ್ರ ಬೇಡ, ವಿದ್ಯುತ್ತೂ ಬೇಡ. ನೀಲಿ ಟಾರ್ಚ್ ಒಂದಿದ್ದರೆ ಆಯಿತು. ನಾಳ ತೊಳೆಯುವ, ರೆಪ್ಪೆ ತಿದ್ದುವ ಕೆಲಸ ಬಂದಾಗ ಮಾತ್ರ ದೊಡ್ಡ ಕೇಂದ್ರ ಬೇಕು. ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜು ಹಾಸನ ನಗರದಲ್ಲೇ ಇದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಅಲ್ಲಿಂದ ಸುಮಾರು ಮೂವತ್ತು-ನಲವತ್ತು ಕಿಲೋಮೀಟರ್.