ಎಷ್ಟಿದ್ದರೆ ಸಾಕು?

ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಇನ್ನು ಬೇಡ ಎನ್ನುವಾಗ ಸಾಕು ಎನ್ನುತ್ತೇವೆ. ಮಕ್ಕಳನ್ನು ಸಾಕು, ಮುದುಕರನ್ನು ಸಾಕು ಎನ್ನುವಾಗಲೂ ಬಾಯಿಗೆ ಬರುವುದು ಅದೇ ಮಾತು. ತರಗತಿಯಲ್ಲಿ ವ್ಯಾಕರಣ ಹೇಳುತ್ತಿದ್ದ ಕಾಲದಲ್ಲಿ ಇದನ್ನು ಒಂದು ಭಾಷಾವಿನೋದವೆಂದಷ್ಟೇ ಎಣಿಸಿ ದಾಟಿಹೋಗುತ್ತಿದ್ದೆ. ನಿವೃತ್ತನಾದ ಮೇಲೆ 1931ನೆಯ ಇಸವಿಯ ಬ್ರಿಟಿಷ್ ಪಾರ್ಲಿಮೆಂಟಿನ ಚರಿತ್ರೆಯನ್ನು ಓದುತ್ತ ಕುಳಿತಾಗ, ಈ ಎರಡು ಅರ್ಥಗಳ ನಡುವೆ ಒಂದು ದೇಶದ ಶಾಸನಸಭೆಯೇ ತೊಳಲಾಡಿದ್ದು ಕಣ್ಣಿಗೆ ಬಿದ್ದಿತು. ಆ ಕಥೆಯನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ಬ್ರಿಟನ್ನಿನಲ್ಲಿ ನಿರುದ್ಯೋಗ ವಿಮೆ ಆರಂಭವಾದುದು 1911ರ ಶಾಸನದಿಂದ. ಕೆಲಸಗಾರ, ಮಾಲೀಕ, ಸರ್ಕಾರ ಮೂವರೂ ಪ್ರತಿವಾರ ಒಂದಿಷ್ಟು ಕಟ್ಟಬೇಕು. ಕೆಲಸ ತಪ್ಪಿದಾಗ ಆ ನಿಧಿಯಿಂದ ಭತ್ಯ ಸಲ್ಲಬೇಕು. 1920ರಲ್ಲಿ ಬಹುಪಾಲು ಕೈಗಾರಿಕೆಗಳಿಗೆ ಅದು ವಿಸ್ತರಿಸಿತು. ಆದರೆ ಆ ಹೊತ್ತಿಗೇ ಕಲ್ಲಿದ್ದಲು, ಹತ್ತಿಬಟ್ಟೆ, ಹಡಗು ಕಟ್ಟುವ ಉದ್ಯಮಗಳು ಕುಗ್ಗತೊಡಗಿದ್ದವು. 1929ರ ಜಾಗತಿಕ ಮುಗ್ಗಟ್ಟಿನ ಅನಂತರ ನಿರುದ್ಯೋಗಿಗಳ ಸಂಖ್ಯೆ 25 ಲಕ್ಷವನ್ನು ಮೀರಿತು. ನಿಧಿ ಬರಿದಾಯಿತು, ಸಾಲ ಬೆಳೆಯಿತು. ಜನ ಈ ಭತ್ಯವನ್ನು ‘ಡೋಲ್’ ಎಂದು ಕರೆಯುತ್ತಿದ್ದರು. ಪಾಲು ಹಾಕಿ ಹಂಚಿದ್ದು ಎಂಬುದು ಆ ಮಾತಿನ ಹಳೆಯ ಅರ್ಥ. ನಮ್ಮ ‘ಪಡಿ’ಗೆ ಅದು ಬಹಳ ಹತ್ತಿರದ ಶಬ್ದ. ಪಡಿ ಎಂದರೆ ಅಳೆದು ಕೊಟ್ಟದ್ದು. ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ತಾನೇ ಚಂದಾ ಕಟ್ಟಿ ಪಡೆದ ಹಕ್ಕು ಪಡಿಯಾಗಿ ಮಾರ್ಪಟ್ಟಿತೆಂಬುದರಲ್ಲೇ ಮುಂದಿನ ಜಗಳದ ಬೀಜವಿದೆ.

ಆಗಿನ ದರಗಳನ್ನು ಸ್ವಲ್ಪ ಗಮನಿಸಬೇಕು. ವಾರಕ್ಕೆ ಗಂಡಸಿಗೆ 17 ಷಿಲಿಂಗು. ಅವನನ್ನು ಆಶ್ರಯಿಸಿದ ಹೆಂಡತಿಗೆ 9. ಪ್ರತಿ ಮಗುವಿಗೆ 2. ಗಂಡ, ಹೆಂಡತಿ, ಎರಡು ಮಕ್ಕಳ ಸಂಸಾರಕ್ಕೆ 30 ಷಿಲಿಂಗು. ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡು, ಹನ್ನೆರಡು ಪೆನ್ನಿಗೆ ಒಂದು ಷಿಲಿಂಗು ಎಂಬ ಲೆಕ್ಕ ಹಳಬರಿಗೆ ನೆನಪಿರಬಹುದು.

1931ರ ಜುಲೈ ಕೊನೆಯಲ್ಲಿ ಸರ್ ಜಾರ್ಜ್ ಮೇ ಅವರ ಸಮಿತಿ ತನ್ನ ವರದಿಯನ್ನು ಪ್ರಕಟಿಸಿತು. ಬೊಕ್ಕಸಕ್ಕೆ 12 ಕೋಟಿ ಪೌಂಡುಗಳ ಕೊರತೆ ಬರಲಿದೆ. ನಿರುದ್ಯೋಗ ಭತ್ಯವನ್ನು ನೂರಕ್ಕೆ 20ರಷ್ಟು ಕಡಿಯಬೇಕು ಎಂಬುದು ಅದರ ಸಲಹೆ. ಆಗ ಅಧಿಕಾರದಲ್ಲಿದ್ದುದು ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡರ ಲೇಬರ್ ಸರ್ಕಾರ. ಲಂಡನ್ನಿನಿಂದ ಚಿನ್ನ ಹರಿದುಹೋಗುತ್ತಿತ್ತು. ನ್ಯೂಯಾರ್ಕಿನ ಬ್ಯಾಂಕುಗಳು ಸಾಲ ಕೊಡುವ ಮುನ್ನ ಉಳಿತಾಯದ ಭರವಸೆಯನ್ನು ಎದುರುನೋಡುತ್ತಿದ್ದವು. ಆಗಸ್ಟ್ 23ರ ಭಾನುವಾರ ರಾತ್ರಿ ಮಂತ್ರಿಮಂಡಲ ಸೇರಿತು. ನೂರಕ್ಕೆ 10ರ ಕಡಿತಕ್ಕೆ 11 ಮಂದಿ ಒಪ್ಪಿದರು, 9 ಮಂದಿ ಒಪ್ಪಲಿಲ್ಲ. ಮರುದಿನ ಸರ್ಕಾರ ಬಿದ್ದಿತು. ಅದೇ ಮ್ಯಾಕ್‌ಡೊನಾಲ್ಡರು ಕನ್ಸರ್ವೇಟಿವ್ ಮತ್ತು ಲಿಬರಲ್ ನಾಯಕರೊಡನೆ ಕೂಡಿ ‘ರಾಷ್ಟ್ರೀಯ ಸರ್ಕಾರ’ದ ಪ್ರಧಾನಿಯಾದರು. ಅವರ ಪಕ್ಷದ ಬಹುತೇಕ ಸದಸ್ಯರು ಎದುರು ಸಾಲಿನಲ್ಲಿ ಕುಳಿತರು.

ಸೆಪ್ಟೆಂಬರ್ 10ರಂದು ಅರ್ಥಸಚಿವ ಫಿಲಿಪ್ ಸ್ನೋಡನ್ ತುರ್ತು ಆಯವ್ಯಯವನ್ನು ಮಂಡಿಸಿದರು. ಈ ಸ್ನೋಡನ್ ಯಾರ್ಕ್‌ಷೈರಿನ ಕೌಲಿಂಗ್ ಎಂಬ ಹಳ್ಳಿಯ ನೇಕಾರರ ಮಗ. ಬೆನ್ನೆಲುಬಿನ ಕಾಯಿಲೆಯಿಂದ ಕಾಲು ಸೋತು ಊರುಗೋಲುಗಳ ಆಸರೆಯಲ್ಲಿ ನಡೆಯುತ್ತಿದ್ದ ಮನುಷ್ಯ. ಸಮಾಜವಾದವನ್ನು ಧರ್ಮಪ್ರವಚನದಂತೆ ಊರೂರಿಗೆ ಸಾರಿದವರು. ಅಂಥವರು ಆ ದಿನ ಭಾಷಣದ ಕೊನೆಗೆ ಸ್ವಿನ್‌ಬರ್ನ್ ಕವಿಯ ಸಾಲುಗಳನ್ನು ಉದ್ಧರಿಸಿ ಕುಳಿತರು. ಕನ್ಸರ್ವೇಟಿವ್ ಸದಸ್ಯರು ಎದ್ದು ನಿಂತು ಜಯಘೋಷ ಮಾಡಿದರು. ಕಾವ್ಯವನ್ನು ಜೀವನವಿಡೀ ಪಾಠ ಹೇಳಿದ ನನಗೆ ಈ ಪ್ರಸಂಗ ಓದಿದಾಗ ಸಂಕೋಚವಾಯಿತು. ಗಂಡಸಿನ ಭತ್ಯ 17 ಷಿಲಿಂಗಿನಿಂದ 15 ಷಿಲಿಂಗು 3 ಪೆನ್ನಿಗೆ ಇಳಿದ ಸಂದರ್ಭಕ್ಕೂ ಕವಿವಾಣಿ ಒದಗಿತಲ್ಲ! ಹೆಂಡತಿಯ ಪಾಲು 8 ಷಿಲಿಂಗಾಯಿತು. ಮಗುವಿನ 2 ಷಿಲಿಂಗನ್ನು ಮುಟ್ಟಲಿಲ್ಲ. ನಾಲ್ವರ ಸಂಸಾರಕ್ಕೆ 30ರ ಬದಲು 27 ಷಿಲಿಂಗು 3 ಪೆನ್ನಿ.

ಸರ್ಕಾರದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೆಲೆಗಳು ನಿಜವಾಗಿಯೂ ಇಳಿದಿದ್ದವು. 1924ರಲ್ಲಿ, ಸ್ನೋಡನ್ ಅವರೇ ಅರ್ಥಸಚಿವರಾಗಿದ್ದ ಮೊದಲ ಲೇಬರ್ ಸರ್ಕಾರ 18 ಷಿಲಿಂಗು ನಿಗದಿಮಾಡಿತ್ತು. ಆಗ ಆ 18ಕ್ಕೆ ಬರುತ್ತಿದ್ದಷ್ಟು ಪದಾರ್ಥ ಈಗ 15 ಷಿಲಿಂಗು 3 ಪೆನ್ನಿಗೂ ಬರುತ್ತಿತ್ತು. ಮಂತ್ರಿಗಳ, ನ್ಯಾಯಾಧೀಶರ, ಉಪಾಧ್ಯಾಯರ ಸಂಬಳವೂ ತಗ್ಗಿತು. ಪಾರ್ಲಿಮೆಂಟಿನ ಸದಸ್ಯರ ವರ್ಷದ 400 ಪೌಂಡು 360 ಆಯಿತು. ಎಲ್ಲರೂ ತ್ಯಾಗ ಮಾಡುವಾಗ ನಿರುದ್ಯೋಗಿಗಳು ಮಾತ್ರ ಹೊರತಾಗಬೇಕೆ ಎಂಬುದು ಪ್ರಶ್ನೆ. 400ರಲ್ಲಿ 40 ಕಳೆಯುವುದೂ 30 ಷಿಲಿಂಗಿನಲ್ಲಿ ಸುಮಾರು 3 ಕಳೆಯುವುದೂ ಅಂಕಗಣಿತಕ್ಕೆ ಒಂದೇ. ಒಲೆಗೆ ಒಂದೇ ಅಲ್ಲ.

ವಿರೋಧಪಕ್ಷದವರು ಈ ಮಾತನ್ನು ಎತ್ತಲಿಲ್ಲವೆಂದಲ್ಲ. ಆದರೆ ಅವರ ಕೈ ಕಟ್ಟಿತ್ತು. ಆಗಸ್ಟಿನಲ್ಲಿ ತಾವೇ ಮಂತ್ರಿಗಳಾಗಿದ್ದಾಗ ಐದೂವರೆ ಕೋಟಿ ಪೌಂಡುಗಳಿಗೂ ಮಿಕ್ಕ ಇತರ ಕಡಿತಗಳಿಗೆ ಅವರು ತಲೆಯಾಡಿಸಿದ್ದರು. ಹೀಗಾಗಿ ಚರ್ಚೆಯ ಬಹುಭಾಗ ‘ನೀವು ಒಪ್ಪಿದ್ದಿರಿ’, ‘ನಾವು ಒಪ್ಪಿರಲಿಲ್ಲ’ ಎಂಬ ದಾಯಾದಿ ಜಗಳದಲ್ಲಿ ಕಳೆದುಹೋಯಿತು. 17 ಸರಿಯೋ 15 ಸರಿಯೋ ಎಂದು ಹೊಡೆದಾಡಿದ ಎರಡು ಪಕ್ಷಗಳಲ್ಲಿ ಯಾವುದೂ ಆ 17 ಎಲ್ಲಿಂದ ಬಂದಿತೆಂದು ವಿಚಾರಿಸಲಿಲ್ಲ. ಅದು ಯಾರದೂ ಅಡುಗೆಮನೆಯಿಂದ ಬಂದ ಅಂಕೆಯಲ್ಲ. ನಿಧಿಯ ಆದಾಯವನ್ನು ನೋಡಿ ಹೊಂದಿಸಿದ್ದು. ಭತ್ಯವೆಂಬುದು ಸ್ವಂತ ಉಳಿತಾಯಕ್ಕೆ ಒತ್ತಾಸೆಯೇ ಹೊರತು ಪೂರ್ಣ ಜೀವನಾಧಾರವಲ್ಲ ಎಂಬುದು ಆರಂಭದ ತತ್ತ್ವ. ಮೂರು ವರ್ಷ ಕೆಲಸವಿಲ್ಲದೆ ಕುಳಿತವನ ಉಳಿತಾಯ ಎಷ್ಟಿದ್ದೀತು?

ಇದೇ ದಿನಗಳಲ್ಲಿ, ಸೆಪ್ಟೆಂಬರ್ 12ರಂದು, ದುಂಡುಮೇಜಿನ ಪರಿಷತ್ತಿಗಾಗಿ ಗಾಂಧೀಜಿ ಲಂಡನ್ನಿಗೆ ಬಂದಿಳಿದರು. ಬಡವರ ಕೇರಿಯಾದ ಈಸ್ಟ್ ಎಂಡಿನ ಕಿಂಗ್‌ಸ್ಲಿ ಹಾಲಿನಲ್ಲಿ ತಂಗಿದರು. ತಿಂಗಳ ಕೊನೆಯಲ್ಲಿ ಲ್ಯಾಂಕಷೈರಿಗೆ ಹೋಗಿ, ಭಾರತದ ವಿದೇಶಿವಸ್ತ್ರ ಬಹಿಷ್ಕಾರದಿಂದಲೂ ಪೆಟ್ಟು ತಿಂದಿದ್ದ ಗಿರಣಿ ಕೆಲಸಗಾರರನ್ನು ಭೇಟಿಮಾಡಿದರು. ನಿಮ್ಮಲ್ಲಿ ಮೂವತ್ತು ಲಕ್ಷ ಮಂದಿಗೆ ಕೆಲಸವಿಲ್ಲ, ನಮ್ಮಲ್ಲಿ ಮೂವತ್ತು ಕೋಟಿಗೆ ವರ್ಷದ ಅರ್ಧ ಕೆಲಸವಿಲ್ಲ. ನಿಮ್ಮ ಡೋಲ್ ಸರಾಸರಿ 70 ಷಿಲಿಂಗು, ನಮ್ಮವರ ತಿಂಗಳ ಸರಾಸರಿ ವರಮಾನವೇ ಏಳೂವರೆ ಷಿಲಿಂಗು ಎಂಬುದು ಅವರು ಹೇಳಿದ್ದರ ಸಾರ. ಕೇಳಿದವರು ಕೋಪಗೊಳ್ಳಲಿಲ್ಲ, ಅವರನ್ನು ಸುತ್ತುವರಿದು ನಗುತ್ತ ಜಯಕಾರ ಮಾಡುತ್ತಿರುವ ಗಿರಣಿಯ ಹೆಂಗಸರ ಛಾಯಾಚಿತ್ರ ಪ್ರಸಿದ್ಧವಾಗಿದೆ. ಗಾಂಧೀಜಿಯ ಹೋಲಿಕೆಗೂ ಸಚಿವರ ಹೋಲಿಕೆಗೂ ಒಂದು ವ್ಯತ್ಯಾಸವನ್ನು ಕಾಣಬೇಕು. ನಿಮಗಿರುವುದೇ ಸಾಕು ಎಂದು ಅವರು ಹೇಳಲಿಲ್ಲ. ನಮ್ಮ ಹಸಿವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದರು.

ಮಸೂದೆ ಶಾಸನವಾಯಿತು. ಈ ನಡುವೆ ನೌಕಾಪಡೆಯ ನಾವಿಕರು ಇನ್ವರ್‌ಗಾರ್ಡನ್ನಿನಲ್ಲಿ ಹಡಗು ಹೊರಡಿಸಲು ನಿರಾಕರಿಸಿದ್ದರಿಂದ ಅವರ ಕಡಿತ ತಗ್ಗಿತು. ಯಾವ ಕಟ್ಟನ್ನು ಉಳಿಸಲೆಂದು ಇಷ್ಟೆಲ್ಲ ನಡೆಯಿತೋ ಆ ಚಿನ್ನದ ಕಟ್ಟನ್ನು ಸೆಪ್ಟೆಂಬರ್ 21ರಂದು ಸರ್ಕಾರವೇ ಕೈಬಿಟ್ಟಿತು. ಭತ್ಯದ ಕಡಿತ ಮಾತ್ರ ಉಳಿಯಿತು. ನವೆಂಬರಿನಿಂದ, ವಿಮೆಯ ಅವಧಿ ಮುಗಿದವರಿಗೆ ಮನೆಯ ಒಟ್ಟು ವರಮಾನದ ತಪಾಸಣೆ ಬಂದಿತು. ಮಗನ ಕೂಲಿ, ಮುದುಕಿಯ ಪಿಂಚಣಿ ಎಲ್ಲವನ್ನೂ ಎಣಿಸಿ ಅಪ್ಪನ ಭತ್ಯವನ್ನು ಇಳಿಸುವ ಕ್ರಮ ಅದು. ಸಾಲ್ಫರ್ಡಿನ ವಾಲ್ಟರ್ ಗ್ರೀನ್‌ವುಡ್ 1933ರಲ್ಲಿ ಪ್ರಕಟಿಸಿದ ‘ಲವ್ ಆನ್ ದ ಡೋಲ್’ ಕಾದಂಬರಿಯಲ್ಲಿ ಆ ಮನೆಗಳ ಒಳಗನ್ನು ಕಾಣಬಹುದು. ಅದನ್ನು ಚಲನಚಿತ್ರವಾಗಿಸಲು ಸೆನ್ಸಾರಿನವರು ವರ್ಷಗಟ್ಟಲೆ ಒಪ್ಪಲಿಲ್ಲ. 1941ರಲ್ಲಷ್ಟೇ ಅದು ತೆರೆಗೆ ಬಂದಿತು.

ಸಭೆ ಕೇಳದ ಪ್ರಶ್ನೆಯನ್ನು ಕೇಳಿದವರು ವೈದ್ಯರು. 1933ರಲ್ಲಿ ಬ್ರಿಟಿಷ್ ವೈದ್ಯಸಂಘದ ಸಮಿತಿ, ದುಡಿಯುವ ಗಂಡಸೊಬ್ಬನ ಆರೋಗ್ಯ ಕೆಡದಂತೆ ಉಣ್ಣಲು ವಾರಕ್ಕೆ ಕನಿಷ್ಠ 5 ಷಿಲಿಂಗು ಹತ್ತೂವರೆ ಪೆನ್ನಿ ಬೇಕೆಂದು ಲೆಕ್ಕಹಾಕಿತು. ಇದು ಆಹಾರಕ್ಕೆ ಮಾತ್ರ. ಬಾಡಿಗೆ, ಸೌದೆ, ಬಟ್ಟೆ ಬೇರೆ. ಸ್ಟಾಕ್‌ಟನ್ ಊರಿನ ಆರೋಗ್ಯಾಧಿಕಾರಿ ಡಾ. ಮೆಕ್‌ಗೊನಿಗಲ್ ಇನ್ನೊಂದು ಸಂಗತಿಯನ್ನು ಕಂಡರು. ಕೊಳೆಗೇರಿಯಿಂದ ಹೊಸ, ಗಾಳಿಬೆಳಕಿನ ಮನೆಗಳಿಗೆ ಹೋದ ಸಂಸಾರಗಳಲ್ಲಿ ಸಾವು ಕಡಮೆಯಾಗುವ ಬದಲು ಹೆಚ್ಚಾಗಿತ್ತು. ಹೊಸ ಮನೆಗೆ ಬಾಡಿಗೆ ಹೆಚ್ಚು; ಉಳಿದ ಹಣಕ್ಕೆ ಊಟ ಕಡಮೆ.

ಈ ಅಂಕೆಗಳನ್ನು ಪಾರ್ಲಿಮೆಂಟಿನೊಳಗೆ ಹೊತ್ತು ತಂದವರಲ್ಲಿ ಮುಖ್ಯರು ಎಲಿನರ್ ರ‍್ಯಾತ್‌ಬೋನ್. ವಿಶ್ವವಿದ್ಯಾಲಯಗಳ ಪದವೀಧರರು ಆರಿಸಿ ಕಳಿಸಿದ ಪಕ್ಷೇತರ ಸದಸ್ಯೆ. 1931ರಲ್ಲಿ ಮಗುವಿನ 2 ಷಿಲಿಂಗನ್ನು ಮುಟ್ಟದೆ ಬಿಟ್ಟುದನ್ನು ದಯೆಯೆಂದು ಇತರರು ಭಾವಿಸಿದ್ದರೆ, ಆ ಎರಡು ಷಿಲಿಂಗಿನಲ್ಲಿ ಮಗುವನ್ನು ಸಾಕಲು ಬರುವುದಿಲ್ಲವೆಂದು ಆಕೆ ಪಟ್ಟುಹಿಡಿದರು. 1934ರಲ್ಲಿ ಕಡಿತಗಳು ರದ್ದಾಗಿ ಹಳೆಯ 17 ಷಿಲಿಂಗು ಮರಳಿತು. ಮರುವರ್ಷ ಮಗುವಿನ ಪಾಲು 3 ಷಿಲಿಂಗಾಯಿತು. ಅಷ್ಟಕ್ಕೆ ಆಕೆ ಸುಮ್ಮನಾಗಲಿಲ್ಲ. ಕೆಲಸವಿರಲಿ ಇಲ್ಲದಿರಲಿ, ಮಕ್ಕಳಿರುವ ಪ್ರತಿ ಮನೆಗೂ ಭತ್ಯ ಸಲ್ಲಬೇಕೆಂಬುದು ಬಹುಕಾಲದಿಂದ ಆಕೆಯ ವಾದ. 1942ರಲ್ಲಿ ಬೆವರಿಜ್ ವರದಿ ಅದನ್ನು ಒಪ್ಪಿ ಮಗುವಿಗೆ 8 ಷಿಲಿಂಗು ಎಂದಿತು. 1945ರಲ್ಲಿ ಶಾಸನವಾದಾಗ ಸರ್ಕಾರ ಕೊಟ್ಟದ್ದು 5. ಮಿಕ್ಕದ್ದು ಶಾಲೆಯ ಊಟ, ಹಾಲಿನ ರೂಪದಲ್ಲಿ ಬರುವುದೆಂದರು. ಅದೂ ಎರಡನೆಯ ಮಗುವಿನಿಂದ ಮುಂದಕ್ಕೆ. ಮಸೂದೆಯಲ್ಲಿ ಹಣ ತಂದೆಯ ಕೈಗೆ ಎಂದಿತ್ತು. ರ‍್ಯಾತ್‌ಬೋನ್ ಅದನ್ನು ಕಟುವಾಗಿ ವಿರೋಧಿಸಿದರು, ಸಭೆ ತಾಯಿಯ ಕೈಗೆ ಎಂದು ತಿದ್ದಿತು.

1946ರ ಆಗಸ್ಟ್ 6ರಂದು ತಾಯಂದಿರು ಮೊದಲ ಬಾರಿಗೆ ಅಂಚೆಕಚೇರಿಗೆ ಹೋಗಿ ಆ ಐದು ಷಿಲಿಂಗನ್ನು ಪಡೆದರು. ಅದಕ್ಕೆ ಏಳು ತಿಂಗಳ ಹಿಂದೆ, ಜನವರಿ 2ರಂದು, ರ‍್ಯಾತ್‌ಬೋನ್ ತೀರಿಕೊಂಡಿದ್ದರು.